ಓಕ್ ಪಾರ್ಕ್: ರಾತ್ರಿ ಎರಡೂವರೆಗೆ ಬೀದಿ ಖಾಲಿ ಮಾಡಿಸುವ ಊರು

ಶುಕ್ರವಾರ

ಶಿಕಾಗೋದ ಓ'ಹೇರ್ ವಿಮಾನ ನಿಲ್ದಾಣದಿಂದ ಭಾವ ಹಾರ್ಲೆಮ್ ಅವೆನ್ಯೂ ಹಿಡಿದು ದಕ್ಷಿಣಕ್ಕೆ ಕಾರು ಓಡಿಸಿದರು. ಪೆಟ್ರೋಲ್ ಬಂಕ್, ಔಷಧಿ ಅಂಗಡಿ, ಟೈರ್ ಅಂಗಡಿ, ಮತ್ತೆ ಪೆಟ್ರೋಲ್ ಬಂಕ್. ನಾರ್ತ್ ಅವೆನ್ಯೂ ಸಿಗ್ನಲ್ ದಾಟಿದ ಮೇಲೆ "ಇಲ್ಲಿಂದ ಎಡಗಡೆ ನಮ್ಮೂರು" ಅಂದರು. ಅಡ್ಡ ಬೀದಿಗೆ ತಿರುಗಿದ್ದೇ ತಡ, ಆ ಗದ್ದಲವೆಲ್ಲ ನಿಂತುಹೋಯಿತು. ಎರಡೂ ಕಡೆ ಆಕಾಶ ಮುಚ್ಚುವ ಮರಗಳು. ಯಾವ ಮನೆಗೂ ಕಾಂಪೌಂಡ್ ಇಲ್ಲ. ಹುಲ್ಲುಹಾಸು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹಾಗೇ ಹರಿದುಕೊಂಡು ಹೋಗಿದೆ. ಮುಂದೆ ಜಗಲಿ, ಜಗಲಿಯಲ್ಲಿ ತೂಗು ಬೆಂಚು, ಆದರೆ ಕೂತವರು ಮಾತ್ರ ಯಾರೂ ಇಲ್ಲ.

ಇದು ಅಕ್ಕನ ಊರು, ಓಕ್ ಪಾರ್ಕ್. ಕಾಗದದ ಮೇಲೆ ಇದು ವಿಲೇಜ್. 12 ಚದರ ಕಿಲೋಮೀಟರ್ ಜಾಗದಲ್ಲಿ 54 ಸಾವಿರ ಜನ ಇದ್ದಾರೆ, ಮೆಟ್ರೋ ರೈಲಿನ ಎರಡು ಲೈನ್ ಹಾದುಹೋಗುತ್ತವೆ, ಆದರೂ ಇಲಿನಾಯ್ ರಾಜ್ಯದ ಕಾನೂನಿನಲ್ಲಿ ಇದಕ್ಕೆ ವಿಲೇಜ್ ಅಂತಲೇ ಹೆಸರು. ಒಬ್ಬ ಅಧ್ಯಕ್ಷ, ಆರು ಜನ ಸದಸ್ಯರು, ಒಬ್ಬ ಕ್ಲರ್ಕ್, ಇಷ್ಟು ಜನರನ್ನು ಊರಿನವರು ಆರಿಸುತ್ತಾರೆ. ಕ್ಲರ್ಕ್ ಹುದ್ದೆಗೂ ಚುನಾವಣೆ! ದಿನದ ಆಡಳಿತಕ್ಕೆ ಸಂಬಳದ ಮ್ಯಾನೇಜರ್ ಬೇರೆ.

ರಾತ್ರಿ ಊಟ ಆಗಿ ಮಾತಿಗೆ ಕೂತಿದ್ದೆವು. ಭಾವ ಇದ್ದಕ್ಕಿದ್ದಂತೆ ಎದ್ದು, ಬೀದಿಯಲ್ಲಿದ್ದ ಕಾರನ್ನು ಮನೆ ಹಿಂದಿನ ಓಣಿಯ ಗ್ಯಾರೇಜಿಗೆ ಹಾಕಿ ಬಂದರು. ಯಾಕೆ ಅಂತ ಕೇಳಿದೆ. ರಾತ್ರಿ ಎರಡೂವರೆಯಿಂದ ಬೆಳಗ್ಗೆ ಆರರವರೆಗೆ ಬೀದಿಯಲ್ಲಿ ಕಾರು ನಿಲ್ಲಿಸುವ ಹಾಗಿಲ್ಲವಂತೆ. ಗ್ಯಾರೇಜ್ ಇಲ್ಲದ ಅಪಾರ್ಟ್‌ಮೆಂಟಿನವರು ದುಡ್ಡು ಕೊಟ್ಟು ಪರ್ಮಿಟ್ ಮಾಡಿಸಿಕೊಳ್ಳಬೇಕು, ನೆಂಟರು ಬಂದರೆ ಅವರ ಕಾರಿಗೂ ಅನುಮತಿ ಬೇಕು. "ಈ ಊರಲ್ಲಿ ಗಾಳಿಗೂ ಒಂದು ರೂಲ್ ಇದೆ ಕಣೋ, ಇನ್ನೂ ನೋಡ್ತೀಯಾ ಇರು" ಅಂದಳು ಅಕ್ಕ. ಅವಳು ಸುಮ್ನೆ ಗೊಣಗಿದ್ದಿರಬಹುದು. ನನಗೆ ಮಾತ್ರ ಈ ಪ್ರವಾಸದಲ್ಲಿ ಏನು ನೋಡಬೇಕು ಅನ್ನೋದು ಸಿಕ್ಕಿಬಿಟ್ಟಿತು.

ಶನಿವಾರ

ಬೆಳಗ್ಗೆ ಲೇಕ್ ಸ್ಟ್ರೀಟಿನ ಪಿಲ್‌ಗ್ರಿಮ್ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ರೈತರ ಸಂತೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಪ್ರತಿ ಶನಿವಾರ ಸೇರುತ್ತದೆ, 1976ರಿಂದ ನಡೆದುಕೊಂಡು ಬಂದಿದೆ. ಶತಾವರಿ ದಂಟಿನ ಕಟ್ಟು, ಕೆಂಪು ರೂಬಾರ್ಬ್ ದಂಟು, ಸ್ಟ್ರಾಬೆರಿ, ಜೇನು, ಗಿಣ್ಣು, ಕುಂಡದಲ್ಲಿ ಟೊಮೆಟೊ ಸಸಿ. ಒಂದು ಮೂಲೆಯಲ್ಲಿ ವಯಸ್ಸಾದವರು ಕೆಲವರು ವೃತ್ತಾಕಾರವಾಗಿ ಕೂತು ಗಿಟಾರು, ಪಿಟೀಲು, ಬ್ಯಾಂಜೋ ಬಾರಿಸುತ್ತಿದ್ದರು. ಯಾರೂ ಮುಂದೆ ಟೋಪಿ ಇಟ್ಟಿರಲಿಲ್ಲ. ಅವರ ಸಂತೋಷಕ್ಕೆ ಬಾರಿಸುವುದು, ಅಷ್ಟೇ.

ಆದರೆ ಉದ್ದದ ಸಾಲು ಇದ್ದದ್ದು ತರಕಾರಿಗಲ್ಲ, ಡೋನಟ್ಟಿಗೆ. ಚರ್ಚಿನ ಅಡುಗೆಮನೆಯಲ್ಲಿ ಊರಿನ ಸ್ವಯಂಸೇವಕರೇ ಕರಿಯುತ್ತಾರೆ. ಹತ್ತಿರ ಹೋಗಿ ನೋಡಿದೆ. ಒಬ್ಬರು ಹಿಟ್ಟಿನ ಬಳೆಗಳನ್ನು ಎಣ್ಣೆಗೆ ಬಿಡುತ್ತಾರೆ, ಅವು ಮುಳುಗಿ, ಮೇಲೆದ್ದು, ಕೆಂಪಗಾಗುತ್ತಿದ್ದ ಹಾಗೆ ಕಡ್ಡಿಯಲ್ಲಿ ಮಗುಚಿ ಎತ್ತುತ್ತಾರೆ, ಪಕ್ಕದವರು ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿ ಕಾಗದದ ಚೀಲಕ್ಕೆ ಹಾಕುತ್ತಾರೆ. ಚೀಲ ಕೈಗೆ ಬರುವಷ್ಟರಲ್ಲಿ ಎಣ್ಣೆ ಹೊರಗೆ ಮೂಡಿರುತ್ತದೆ. ನನ್ನ ಮುಂದೆ ನಿಂತಿದ್ದ ಹೆಂಗಸು ಒಂದು ಡಜನ್ ತಗೊಂಡರು. ಮನೆಗೆ ಹೋಗುವಷ್ಟರಲ್ಲಿ ಎಷ್ಟು ಉಳಿದಿತ್ತೋ, ಅವರಿಗೇ ಗೊತ್ತು.

ಅಲ್ಲಿಂದ ಲೇಕ್ ಸ್ಟ್ರೀಟ್ ಹಿಡಿದು ಪಶ್ಚಿಮಕ್ಕೆ ನಡೆದೆವು. ಸ್ಕೋವಿಲ್ ಪಾರ್ಕ್ ಹತ್ತಿರ ನೆಲ ಸ್ವಲ್ಪ ಏರುತ್ತದೆ. ಈ ಸಪಾಟು ಸೀಮೆಯಲ್ಲಿ ಅದೇ ದೊಡ್ಡ ಗುಡ್ಡ! ಹಿಮಯುಗ ಮುಗಿಯುವಾಗ ಇಲ್ಲೊಂದು ಭಾರೀ ಸರೋವರ ಇತ್ತು, ಈ ಏರು ಅದರ ಹಳೆಯ ದಡ. ಇಲ್ಲಿ ಮಳೆ ನೀರು ಇಬ್ಭಾಗ ಆಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಡೆಸ್ ಪ್ಲೇನ್ಸ್ ಹೊಳೆ ಸೇರಿ, ಮಿಸಿಸಿಪ್ಪಿಗೆ ಹೋಗಿ, ಮೆಕ್ಸಿಕೋ ಕೊಲ್ಲಿ ತಲುಪುತ್ತದೆ. ಪೂರ್ವಕ್ಕೆ ಬಿದ್ದದ್ದು ಮಿಶಿಗನ್ ಸರೋವರಕ್ಕೆ ಹೋಗುತ್ತಿತ್ತು. 1900ರಲ್ಲಿ ಶಿಕಾಗೋ ನದಿಯನ್ನೇ ಹಿಂದಕ್ಕೆ ತಿರುಗಿಸಿದ ಮೇಲೆ ಆ ಲೆಕ್ಕವೂ ಬದಲಾಯಿತು, ಅದು ಬೇರೆ ಕಥೆ. ನಮ್ಮ ಸಕಲೇಶಪುರ ಕಡೆಯವರು ಬಿಸಿಲೆಯ ರಿಡ್ಜ್ ಕಲ್ಲು ನೋಡಿರುತ್ತೀರಿ, ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಬಂಗಾಳ ಕೊಲ್ಲಿ ಅಂತ ಬರೆದಿರುವುದು. ಅದೇ ವಿಷಯ, ಕಾಡು ಒಂದು ಇಲ್ಲ.

ಈ ಒಣ ದಿಬ್ಬದ ಆಸೆಗೇ ಜನ ಇಲ್ಲಿ ಮನೆ ಕಟ್ಟಿದ್ದು. ಸುತ್ತ ಪೂರ್ತಿ ಜೌಗು. ಮೊದಲು ಇದು ಅಮೆರಿಕದ ಮೂಲನಿವಾಸಿಗಳಾದ ಪೊಟವಾಟಮಿ ಜನರ ನೆಲ, 1833ರ ಶಿಕಾಗೋ ಒಪ್ಪಂದದಲ್ಲಿ ಅದನ್ನು ಅವರಿಂದ ಬಿಡಿಸಿಕೊಂಡು ಅವರನ್ನು ಪಶ್ಚಿಮಕ್ಕೆ ಅಟ್ಟಿದರು. ಆಮೇಲೆ ಇಂಗ್ಲೆಂಡಿನ ಯಾರ್ಕ್‌ಷೈರಿನಿಂದ ಬಂದ ಜೋಸೆಫ್ ಕೆಟಲ್‌ಸ್ಟ್ರಿಂಗ್ಸ್ ಅನ್ನುವಾತ ಇಲ್ಲಿ ಮನೆ ಕಟ್ಟಿದ, ಹೊಳೆ ದಂಡೆಯ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಮಾಡಿದ, ದಾರಿಹೋಕರಿಗೆ ಊಟ ವಸತಿ ಕೊಟ್ಟ. 1848ರಲ್ಲಿ ರೈಲು ಬಂತು. ಆತ ಜಮೀನು ತುಂಡು ಮಾಡಿ ಮಾರಲು ಶುರು ಮಾಡಿದ. ಎಲ್ಲರಿಗೂ ಅಲ್ಲ. ಸ್ಕೂಲು, ಚರ್ಚು ಬೇಕು ಅನ್ನುವವರಿಗೆ ಸೈಟು. ಹೆಂಡದಂಗಡಿ ಇಡುವವರಿಗೆ ಇಲ್ಲ. ಊರಿನ ಮೊದಲ ರೂಲ್ ಇದು. 1871ರಲ್ಲಿ ಶಿಕಾಗೋ ಸುಟ್ಟುಹೋಯಿತಲ್ಲ, ಆಗ ಅಲ್ಲಿಂದ ಹೊರಟ ಅನುಕೂಲಸ್ಥರು ಇಲ್ಲಿಗೆ ಬಂದು ಸೇರಿದರು. 1902ರಲ್ಲಿ ಸಿಸೆರೋ ಟೌನ್‌ಶಿಪ್ಪಿನಿಂದ ಬೇರೆಯಾಗಿ ಓಕ್ ಪಾರ್ಕ್ ತಾನೇ ಒಂದು ವಿಲೇಜ್ ಆಯಿತು. ಹೆಂಡ ಬೇಡ ಅನ್ನುವ ರೂಲ್ ಮಾತ್ರ ಎಷ್ಟು ಗಟ್ಟಿ ಅಂದರೆ, ಹೋಟೆಲಿನಲ್ಲಿ ಊಟದ ಜೊತೆ ಒಂದು ಲೋಟ ವೈನ್ ಸಿಗಬೇಕಾದರೆ 1973 ಆಗಬೇಕಾಯಿತು.

ಭಾನುವಾರ

ಅಕ್ಕ, ಭಾವನ ಜೊತೆ ಲೆಮಾಂಟ್‌ನ ರಾಮನ ದೇವಸ್ಥಾನಕ್ಕೆ. ಲೆಮಾಂಟ್ ಕೂಡ ಒಂದು ವಿಲೇಜ್, 1848ರಲ್ಲಿ ಮುಗಿದ ಇಲಿನಾಯ್-ಮಿಶಿಗನ್ ಕಾಲುವೆಯ ದಡದಲ್ಲಿದೆ. ಐರಿಷ್ ಕೂಲಿಗಳು ಅಗೆದ ಕಾಲುವೆ ಅದು. ಅಗೆಯುವಾಗ ಸಿಕ್ಕ ಹಳದಿ ಸುಣ್ಣದ ಕಲ್ಲೇ ಆಮೇಲೆ ಶಿಕಾಗೋದ ಹಳೇ ವಾಟರ್ ಟವರಿಗೂ ಹೋಯಿತು. ಗುಡ್ಡದ ಮೇಲೆ ದಕ್ಷಿಣದ ಶೈಲಿಯ ಬಿಳಿ ಗೋಪುರ, ಹೊರಗೆ ವಿವೇಕಾನಂದರ ಪ್ರತಿಮೆ. 1893ರಲ್ಲಿ ಅವರು ಭಾಷಣ ಮಾಡಿದ್ದು ಶಿಕಾಗೋ ಊರೊಳಗೆ, ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ. ದೇವಸ್ಥಾನದ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿನ್ನುವಾಗ ಪಕ್ಕದ ಮೇಜಿನಿಂದ ಕನ್ನಡ ಕೇಳಿಸಿತು. ಹಾಸನದವರು. ಶಾಂಬರ್ಗ್‌ನಲ್ಲಿ ಮನೆ, ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮಕ್ಕೆ ತಪ್ಪದೆ ಹೋಗುತ್ತಾರಂತೆ. "ಓಕ್ ಪಾರ್ಕಾ? ಅಲ್ಲಿ ಟ್ಯಾಕ್ಸ್ ಜಾಸ್ತಿ ಅಲ್ವಾ" ಅನ್ನುವುದೇ ಅವರ ಮೊದಲ ಮಾತು. ಭಾವನ ಮುಖ ನೋಡಬೇಕಿತ್ತು.

ಸೋಮವಾರ

ಈ ಊರಿಗೆ ಹೊರಗಿನವರು ಬರುವುದು ಫ್ರಾಂಕ್ ಲಾಯ್ಡ್ ರೈಟ್ ಅನ್ನುವ ವಾಸ್ತುಶಿಲ್ಪಿಯ ಮನೆಗಳನ್ನು ನೋಡಲು. 1889ರಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ತನ್ನ ಧಣಿ ಲೂಯಿ ಸಲಿವನ್ ಹತ್ತಿರ 5000 ಡಾಲರ್ ಸಾಲ ತೆಗೆದು ಇಲ್ಲಿನ ಶಿಕಾಗೋ ಅವೆನ್ಯೂ ಮೂಲೆಯಲ್ಲಿ ಮನೆ ಕಟ್ಟಿಕೊಂಡ. ಸಾಲ ಸಾಲದೆ ಆಫೀಸಿಗೆ ಗೊತ್ತಾಗದ ಹಾಗೆ ಹೊರಗಿನವರಿಗೆ ಮನೆ ನಕ್ಷೆ ಮಾಡಿಕೊಟ್ಟ. 1893ರಲ್ಲಿ ಸಿಕ್ಕಿಬಿದ್ದು ಕೆಲಸ ಹೋಯಿತು. ಕದ್ದು ಮಾಡಿದ ಆ ಮನೆಗಳು ಇವತ್ತೂ ಇದೇ ಬೀದಿಗಳಲ್ಲಿವೆ, ಜನ ಫೋಟೋ ತೆಗೆಯುತ್ತಾ ನಿಂತಿರುತ್ತಾರೆ.

ಮನೆಯೊಳಗೆ ನನಗೆ ಹಿಡಿಸಿದ್ದು ಮಕ್ಕಳ ಆಟದ ಕೋಣೆ. ಅಲ್ಲಿಗೆ ಹೋಗುವ ಹಾದಿ ಇಕ್ಕಟ್ಟು, ತಲೆ ತಗುಲುತ್ತೇನೋ ಅನ್ನುವಷ್ಟು ಕೆಳಗೆ ಸೂರು. ಒಳಗೆ ಕಾಲಿಟ್ಟರೆ ಒಮ್ಮೆಗೇ ಎತ್ತರದ ಕಮಾನು ಚಾವಣಿ, ಬೆಳಕು. ಕಿಟಕಿಗಳು ಮಾತ್ರ ಮಕ್ಕಳ ಎತ್ತರಕ್ಕೆ. ಪಕ್ಕದಲ್ಲೇ 1898ರಲ್ಲಿ ಕಟ್ಟಿದ ಸ್ಟುಡಿಯೋ, ಅದರ ಮಾಳಿಗೆ ಕಬ್ಬಿಣದ ಸರಪಳಿಗಳಲ್ಲಿ ನೇತಾಡಿಕೊಂಡಿದೆ. ಆರು ಮಕ್ಕಳ ಅಪ್ಪ ಈತ. 1909ರಲ್ಲಿ ಅದೇ ಊರಿನ ಗಿರಾಕಿಯೊಬ್ಬನ ಹೆಂಡತಿ ಜೊತೆ ಯುರೋಪಿಗೆ ಹೊರಟುಹೋದ. ಊರು ಅವನ ಮನೆಗಳನ್ನು ಇಟ್ಟುಕೊಂಡಿತು.

ಮಧ್ಯಾಹ್ನ ಯೂನಿಟಿ ಟೆಂಪಲ್. 1905ರಲ್ಲಿ ಹಳೆಯ ಮರದ ಚರ್ಚಿಗೆ ಸಿಡಿಲು ಬಡಿದು ಸುಟ್ಟಿತು. ಹೊಸದಕ್ಕೆ ದುಡ್ಡು ಕಡಿಮೆ, ಅದಕ್ಕೆ ರೈಟ್ ಕಾಂಕ್ರೀಟಿನಲ್ಲೇ ಕಟ್ಟಿದ. ಆ ಕಾಲಕ್ಕೆ ಕಾಂಕ್ರೀಟು ಗೋಡೌನಿಗೆ ಬಳಸುವ ಸಾಮಾನು, ಚರ್ಚಿಗೆ ಬಳಸುವುದು ಅಪರೂಪ. ಲೇಕ್ ಸ್ಟ್ರೀಟಿನಿಂದ ನೋಡಿದರೆ ಬೂದು ಬಣ್ಣದ ದೊಡ್ಡ ಪೆಟ್ಟಿಗೆ. ಬಾಗಿಲೇ ಕಾಣಲ್ಲ. ಪಕ್ಕದಿಂದ ಒಳಹೊಕ್ಕು, ತಗ್ಗು ಸೂರಿನ ಕತ್ತಲ ದಾರಿಯಲ್ಲಿ ನಡೆದು, ಕೆಲವು ಮೆಟ್ಟಿಲು ಹತ್ತಿದರೆ ಜೇನಿನ ಬಣ್ಣದ ಬೆಳಕು ಮೇಲಿಂದ ಸುರಿಯುತ್ತಿರುತ್ತದೆ. ಬೀದಿಯ ಸದ್ದು ಒಳಗೆ ಬರದ ಹಾಗೆ ಕಿಟಕಿಗಳೆಲ್ಲ ಮೇಲೆ. ಹೊರಗೆ ಹೋಗುವ ಬಾಗಿಲುಗಳು ಪ್ರವಚನಕಾರರ ಪಕ್ಕದಲ್ಲೇ ಇವೆ, ಹಾಗಾಗಿ ಸದ್ದಿಲ್ಲದೆ ಜಾರಿಕೊಳ್ಳುವುದು ಕಷ್ಟ. ಕಿಲಾಡಿ. 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಮನೆಗಳ ಬಗ್ಗೆ ನನಗೆ ಎರಡು ಮನಸ್ಸಿದೆ, ಕೆಲವು ಒಳಗೆ ಜಾಸ್ತಿ ಕತ್ತಲು. ಈ ಚರ್ಚಿನ ಬಗ್ಗೆ ಇಲ್ಲ. ಓಕ್ ಪಾರ್ಕಿಗೆ ಒಂದೇ ಗಂಟೆ ಇದೆ ಅನ್ನುವವರು ಇದನ್ನು ನೋಡಿ ಸಾಕು.

ಮಂಗಳವಾರ

ಬೆಳಗ್ಗೆ ಹತ್ತಕ್ಕೆ ಕಾಫಿ ಕುಡಿಯುತ್ತಿರುವಾಗ ಊರಿಗೆ ಊರೇ ಕೂಗುವಂಥ ಸೈರನ್. ನಾನು ಎದ್ದು ನಿಂತೆ. ಅಕ್ಕ ಕೂತಲ್ಲಿಂದ ಏಳಲೇ ಇಲ್ಲ. ತಿಂಗಳ ಮೊದಲ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಇಲಿನಾಯ್ ರಾಜ್ಯದಲ್ಲೆಲ್ಲ ಸುಂಟರಗಾಳಿ ಸೈರನ್ ಪರೀಕ್ಷೆ ಮಾಡುತ್ತಾರಂತೆ. ನಿಜವಾಗಲೂ ಸುಂಟರಗಾಳಿ ಬಂದರೆ ನೆಲಮಾಳಿಗೆಗೆ ಇಳಿಯಬೇಕು. ಮಂಗಳವಾರ ಹತ್ತಕ್ಕೇ ಬಂದುಬಿಟ್ಟರೆ ಏನು ಮಾಡ್ತೀರಿ ಅಂದರೆ ಅಕ್ಕ "ನಿಂಗೆ ಇದೇ ಕೆಲಸ" ಅಂದಳು.

ಓಕ್ ಪಾರ್ಕ್ ಅವೆನ್ಯೂದಲ್ಲಿ ಅರ್ನೆಸ್ಟ್ ಹೆಮಿಂಗ್ವೇ ಹುಟ್ಟಿದ ಮನೆ ಇದೆ. 1899ರ ಜುಲೈ 21. ತಾಯಿಯ ಅಪ್ಪನ ಮನೆ ಅದು, ಸುತ್ತ ಜಗಲಿ, ಮೂಲೆಗೆ ಒಂದು ದುಂಡನೆಯ ಗೋಪುರ. ಅಪ್ಪ ಡಾಕ್ಟರು, ಅಮ್ಮ ಸಂಗೀತ ಹೇಳಿಕೊಡುತ್ತಿದ್ದರು. 1917ರಲ್ಲಿ ಇಲ್ಲಿನ ಹೈಸ್ಕೂಲು ಮುಗಿಸಿ ಕಾನ್ಸಸ್ ಸಿಟಿಗೆ ಪತ್ರಿಕೆ ಕೆಲಸಕ್ಕೆ ಹೋದ, ಮರುವರ್ಷ ಇಟಲಿಯಲ್ಲಿ ಯುದ್ಧದ ಆಂಬುಲೆನ್ಸ್ ಓಡಿಸಿ ಗಾಯಗೊಂಡ. ಹೆಂಡ ನಿಷಿದ್ಧವಾಗಿದ್ದ ಊರಿನಿಂದ ಎಂಥಾ ಬರಹಗಾರ ಬಂದ ನೋಡಿ. ಸ್ಕೋವಿಲ್ ಪಾರ್ಕಿನ ಮೊದಲ ಮಹಾಯುದ್ಧದ ಸ್ಮಾರಕದಲ್ಲಿ ಅವನ ಹೆಸರೂ ಇದೆ. ನೂರಾರು ಹೆಸರುಗಳ ನಡುವೆ ಹುಡುಕಿ ಹುಡುಕಿ ಕಣ್ಣು ನೋಯುವ ಹೊತ್ತಿಗೆ ಸಿಕ್ಕಿತು.

ಮೆಕ್‌ಡೊನಾಲ್ಡ್ಸ್ ಅನ್ನು ಜಗತ್ತಿಗೆಲ್ಲ ಹಬ್ಬಿಸಿದ ರೇ ಕ್ರಾಕ್ ಹುಟ್ಟಿದ್ದೂ ಇಲ್ಲೇ, 1902ರಲ್ಲಿ. ನಟಿ ಬೆಟ್ಟಿ ವೈಟ್ ಕೂಡ. ಇವರ ಹೆಸರು ಎಲ್ಲರೂ ಹೇಳುತ್ತಾರೆ. ಭಾವ ಮಾತ್ರ ತಗ್ಗಿದ ದನಿಯಲ್ಲಿ ಇನ್ನೊಬ್ಬನ ಹೆಸರು ಹೇಳಿದರು, ಸ್ಯಾಮ್ ಜಿಯಾಂಕಾನಾ, ಶಿಕಾಗೋ ಮಾಫಿಯಾದ ದೊಡ್ಡ ಕುಳ. ಊರಿನ ದಕ್ಷಿಣ ಭಾಗದ ಸಾಧಾರಣ ಇಟ್ಟಿಗೆ ಮನೆಯಲ್ಲಿ ಇದ್ದ. 1975ರ ಜೂನ್‌ನಲ್ಲಿ ಒಂದು ರಾತ್ರಿ ನೆಲಮಾಳಿಗೆಯ ಅಡುಗೆಮನೆಯಲ್ಲಿ ಸಾಸೇಜ್ ಹುರಿಯುತ್ತಿದ್ದಾಗ ಯಾರೋ ಗುಂಡು ಹೊಡೆದರು. ಯಾರು ಅಂತ ಇವತ್ತಿಗೂ ಪತ್ತೆಯಿಲ್ಲ. ಹುಲ್ಲು ಮಾತ್ರ ಎಲ್ಲ ಮನೆಗಳಲ್ಲೂ ಒಂದೇ ಅಳತೆಗೆ ಕತ್ತರಿಸಿರುತ್ತದೆ.

ಬುಧವಾರ

ರಿವರ್‌ಸೈಡ್ ವಿಲೇಜ್‌ಗೆ, ಅಕ್ಕನ ಮಗಳನ್ನೂ ಕರೆದುಕೊಂಡು. ಕಾರಲ್ಲಿ ಸ್ವಲ್ಪವೇ ದೂರ. ಅಮೆರಿಕದ ಉಪನಗರ ಅನ್ನುವ ಕಲ್ಪನೆಗೆ ಒಂದು ನೀಲನಕ್ಷೆ ಇದ್ದರೆ ಅದು ಇಲ್ಲಿದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮಾಡಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ 1869ರಲ್ಲಿ 1600 ಎಕರೆಗೆ ನಕ್ಷೆ ಹಾಕಿದರು. ಶಿಕಾಗೋ ಪೂರ್ತಿ ಚೌಕಾಬಾರದ ಮನೆಗಳ ಹಾಗೆ ನೇರ ಬೀದಿ, ಇಲ್ಲಿ ನೇರ ಬೀದಿ ಹುಡುಕಿದರೂ ಸಿಗಲ್ಲ. ಎಲ್ಲ ಹೊಳೆಯ ಹಾಗೇ ಬಾಗಿಕೊಂಡು ಹೋಗುತ್ತವೆ. ಮನೆಗಳು ರಸ್ತೆಯಿಂದ 30 ಅಡಿ ಹಿಂದಕ್ಕೆ ಇರಬೇಕು ಅಂತ ಆಗಲೇ ಷರತ್ತು. ಅಮೆರಿಕ ತುಂಬಾ ಮನೆ ಮುಂದೆ ಹುಲ್ಲು ಬಂದದ್ದರ ಬೇರು ಇಂಥ ಕಡೆ ಇದೆ. ಆದರೆ ಕಂಪನಿ ಉಳಿಯಲಿಲ್ಲ. 1871ರ ಬೆಂಕಿಯಲ್ಲಿ ದುಡ್ಡೆಲ್ಲ ಶಿಕಾಗೋ ಕಡೆ ಹೋಯಿತು, 1873ರ ಆರ್ಥಿಕ ಕುಸಿತದಲ್ಲಿ ದಿವಾಳಿ. ಊರು ಉಳಿಯಿತು, ಗ್ಯಾಸ್ ದೀಪದ ಕಂಬಗಳೂ ಉಳಿದಿವೆ. ಅವು ಇವತ್ತಿಗೂ ಉರಿಯುತ್ತವೆ. ನಡುವೆ ವಿಲಿಯಂ ಲೆ ಬ್ಯಾರನ್ ಜೆನ್ನಿ ಕಟ್ಟಿದ ನೀರಿನ ಗೋಪುರ ಇದೆ, ಆಮೇಲೆ ಶಿಕಾಗೋದಲ್ಲಿ ಉಕ್ಕಿನ ಚೌಕಟ್ಟಿನ ಎತ್ತರದ ಕಟ್ಟಡ ಕಟ್ಟಿದ್ದು ಈತನೇ.

ಆದರೆ ಇದನ್ನೆಲ್ಲ ಮಾತಾಡಲು ಆಗಲೇ ಇಲ್ಲ, ಕಾರಣ ಜೀರುಂಡೆ. ನಾನು ಹೋಗಿದ್ದು 2024ರ ಜೂನ್ ಮೊದಲ ವಾರ, ಹದಿನೇಳು ವರ್ಷಕ್ಕೊಮ್ಮೆ ಏಳುವ ಜೀರುಂಡೆಗಳು ಎದ್ದ ವರ್ಷ. 2007ರಲ್ಲಿ ಮೊಟ್ಟೆಯೊಡೆದ ಮರಿಗಳು ಮಣ್ಣಿಗಿಳಿದು, ಬೇರಿನ ರಸ ಹೀರಿಕೊಂಡು ಇಷ್ಟು ವರ್ಷ ಕತ್ತಲಲ್ಲಿದ್ದು, ಮಣ್ಣು ಸುಮಾರು 18 ಡಿಗ್ರಿಗೆ ಬಿಸಿಯಾದ ಕೂಡಲೇ ಒಟ್ಟಿಗೇ ಮೇಲೆ ಬಂದಿವೆ. ಹಳೇ ಮರ, ಕದಡದ ಮಣ್ಣು ಇರುವ ಕಡೆ ಇವು ಜಾಸ್ತಿ. ರಿವರ್‌ಸೈಡ್‌ನಲ್ಲಿ ಎರಡೂ ಇವೆ. ಮರದ ಬುಡದಲ್ಲಿ ಬೆರಳು ತೂರುವಷ್ಟು ತೂತುಗಳು, ತೊಗಟೆಗೆ ಅಂಟಿದ ಕಂದು ಪೊರೆಗಳು, ಬೆನ್ನು ಸೀಳಿಕೊಂಡು ಹೊರಗೆ ಬಂದ ಗುರುತು. ಕೀಟ ಕರೀ ಮೈಯದು, ರೆಕ್ಕೆಯ ನರಗಳು ಕಿತ್ತಳೆ ಬಣ್ಣ, ಕಣ್ಣು ಕೆಂಪು. ಅಕ್ಕನ ಮಗಳು ಒಂದನ್ನು ಬೆರಳ ಮೇಲೆ ಹತ್ತಿಸಿಕೊಂಡಳು. ಅದು ಹಾರುವುದೂ ಇಲ್ಲ, ಕಚ್ಚುವುದೂ ಇಲ್ಲ, ಮೊಣಕೈವರೆಗೆ ನಿಧಾನ ನಡೆದುಕೊಂಡು ಹೋಯಿತು. "ಇದು ನನಗಿಂತ ದೊಡ್ಡದು ಮಾಮ, ಅಕ್ಕ ಅನ್ನಬೇಕು" ಅಂದಳು. ಅವಳಿಗೆ ಹದಿಮೂರು.

ಕೂಗುವುದು ಗಂಡು ಮಾತ್ರ. ಮಲೆನಾಡಿನಲ್ಲಿ ಬೆಳೆದವನು ನಾನು, ಜೀರುಂಡೆ ಸದ್ದು ಹೊಸದೇನಲ್ಲ. ಆದರೆ ಇದು ಬೇರೆ ಲೆಕ್ಕ, ಪಕ್ಕದವರಿಗೆ ಮಾತು ಕೇಳಿಸಬೇಕಾದರೆ ಕೂಗಬೇಕು. ಫುಟ್‌ಪಾತ್ ಮೇಲೆ ಸತ್ತವು ರಾಶಿ ಬಿದ್ದು ವಾಸನೆ ಬರುತ್ತಿತ್ತು. ಒಬ್ಬ ಮುದುಕರು ಪೊರಕೆ ಹಿಡಿದು ಗುಡಿಸುತ್ತಿದ್ದರು, ನಮ್ಮನ್ನು ನೋಡಿ ನಕ್ಕು "ಇನ್ನು 2041ಕ್ಕೆ" ಅಂದರು.

ಗುರುವಾರ

ಹಾರ್ಲೆಮ್ ಅವೆನ್ಯೂ ದಾಟಿದರೆ ಫಾರೆಸ್ಟ್ ಪಾರ್ಕ್. ಅದೂ ವಿಲೇಜೇ. ಓಕ್ ಪಾರ್ಕ್ ಹೆಂಡ ನಿಷೇಧಿಸಿದ ಆ ವರ್ಷಗಳಲ್ಲಿ ಬಾರುಗಳು ರಸ್ತೆಯ ಆಚೆ ಬದಿಯಲ್ಲಿ ಆರಾಮಾಗಿದ್ದವು, ಇವತ್ತಿಗೂ ಅಲ್ಲಿನ ಮ್ಯಾಡಿಸನ್ ಸ್ಟ್ರೀಟ್ ಬಾರು, ಹೋಟೆಲುಗಳಿಗೆ ಹೆಸರುವಾಸಿ. ಕುಡಿಯಬೇಕು ಅನ್ನುವ ಓಕ್ ಪಾರ್ಕಿನವರು ನಡೆದುಕೊಂಡು ಹೋಗಿ ಬರುತ್ತಿದ್ದರು. ಕಾನೂನು ಈ ಕಡೆ, ದಾಹ ಆ ಕಡೆ.

ನಾನು ಹೋದದ್ದು ಬಾರಿಗಲ್ಲ, ಸ್ಮಶಾನಕ್ಕೆ. ಫಾರೆಸ್ಟ್ ಪಾರ್ಕಿನಲ್ಲಿ ಸ್ಮಶಾನಗಳು ಎಷ್ಟು ಅಂದರೆ, ಬದುಕಿರುವವರಿಗಿಂತ ಸತ್ತವರೇ ಜಾಸ್ತಿ ಅಂತ ಊರಿನವರೇ ತಮಾಷೆ ಮಾಡುತ್ತಾರೆ. ಫಾರೆಸ್ಟ್ ಹೋಮ್ ಸ್ಮಶಾನದಲ್ಲಿ ಹೇಮಾರ್ಕೆಟ್ ಸ್ಮಾರಕ ಇದೆ. ನಾವೆಲ್ಲ ಮೇ ದಿನ ಆಚರಿಸುತ್ತೇವಲ್ಲ, ಅದರ ಮೂಲ. 1886ರ ಮೇ 4ರಂದು, ಎಂಟು ಗಂಟೆ ಕೆಲಸದ ಬೇಡಿಕೆಯ ಹೋರಾಟ ಬಿಸಿಯಾಗಿದ್ದಾಗ, ಶಿಕಾಗೋದ ಹೇಮಾರ್ಕೆಟ್ ಸಭೆಯಲ್ಲಿ ಯಾರೋ ಪೊಲೀಸರ ಮೇಲೆ ಬಾಂಬು ಎಸೆದರು. ಎಸೆದವರು ಯಾರೆಂದು ಗೊತ್ತಾಗಲಿಲ್ಲ, ಎಂಟು ಜನರಿಗೆ ಶಿಕ್ಷೆ ಆಯಿತು, ಮರುವರ್ಷ ನವೆಂಬರ್ 11ಕ್ಕೆ ನಾಲ್ವರನ್ನು ಗಲ್ಲಿಗೇರಿಸಿದರು. ಹೂಳಲು ಜಾಗ ಕೊಟ್ಟದ್ದು ಇದೇ ಸ್ಮಶಾನ, ಆಗ ಇದರ ಹೆಸರು ವಾಲ್ಡ್‌ಹೈಮ್. 1893ರಲ್ಲಿ ಸ್ಮಾರಕ ಎದ್ದಿತು. ತಲೆಗೆ ಮುಸುಕು ಹಾಕಿದ ಕಂಚಿನ ಹೆಂಗಸು, ಅವಳ ಕಾಲಡಿ ಬಿದ್ದ ಕೂಲಿಗಾರನ ತಲೆಗೆ ಎಲೆಯ ಕಿರೀಟ ಇಡುತ್ತಿದ್ದಾಳೆ. ಯಾರೋ ಕೆಂಪು ಕಾರ್ನೇಷನ್ ಹೂ ಇಟ್ಟುಹೋಗಿದ್ದರು, ಜೊತೆಗೆ ಚಿಲ್ಲರೆ ನಾಣ್ಯಗಳು, ಒಂದು ಯೂನಿಯನ್ ಬ್ಯಾಡ್ಜು. ಹತ್ತಿರದಲ್ಲೇ ಅರಾಜಕತಾವಾದಿ ಹೋರಾಟಗಾರ್ತಿ ಎಮ್ಮಾ ಗೋಲ್ಡ್‌ಮನ್ ಸಮಾಧಿ. ಜೀವಂತ ಇದ್ದಾಗ 1919ರಲ್ಲಿ ದೇಶದಿಂದ ಹೊರಹಾಕಿದ್ದರು, 1940ರಲ್ಲಿ ಸತ್ತ ಮೇಲೆ ಒಳಗೆ ಬಿಟ್ಟರು. ಓಕ್ ಪಾರ್ಕಿನ ಪ್ರವಾಸಿ ನಕ್ಷೆಯಲ್ಲಿ ಇದು ಇಲ್ಲ, ಆ ಊರಿನ ಗಡಿಯೊಳಗಿಲ್ಲವಲ್ಲ. ನನಗೆ ರೈಟ್ ಮನೆಗಳಿಗಿಂತ ಹೆಚ್ಚು ಹೊತ್ತು ಬೇಕಾದದ್ದು ಇಲ್ಲೇ.

ಶುಕ್ರವಾರ

ಅಕ್ಕನ ಮಗಳು ಓದುವುದು ಪರ್ಸಿ ಜೂಲಿಯನ್ ಮಿಡ್ಲ್ ಸ್ಕೂಲಿನಲ್ಲಿ. ಯಾರಾತ ಅಂತ ಕೇಳಿದ್ದಕ್ಕೆ, ಸ್ಕೂಲಲ್ಲಿ ಪ್ರಾಜೆಕ್ಟ್ ಮಾಡಿದ್ದಳಂತೆ, ಒಂದೇ ಉಸಿರಿಗೆ ಹೇಳಿದಳು. ಹೆಮಿಂಗ್ವೇ ಹುಟ್ಟಿದ ವರ್ಷವೇ, 1899ರಲ್ಲೇ ಅಲಬಾಮಾದಲ್ಲಿ ಹುಟ್ಟಿದ ಕಪ್ಪು ವಿಜ್ಞಾನಿ. ಕಣ್ಣಿನ ಗ್ಲಾಕೋಮಾ ಕಾಯಿಲೆಗೆ ಬೇಕಾದ ಔಷಧವನ್ನು 1935ರಲ್ಲಿ ಲ್ಯಾಬಿನಲ್ಲೇ ತಯಾರಿಸಿ ತೋರಿಸಿದವರು. ಸೋಯಾ ಕಾಳಿನಿಂದ ಹಾರ್ಮೋನು ತೆಗೆದು, ದುಬಾರಿ ಔಷಧಗಳು ಸಾಮಾನ್ಯರಿಗೂ ಸಿಗುವ ದಾರಿ ಮಾಡಿದವರು. 1950ರಲ್ಲಿ ಈ ಊರಿನ ಈಸ್ಟ್ ಅವೆನ್ಯೂದಲ್ಲಿ ಮನೆ ಕೊಂಡರು. ನಲ್ಲಿ ನೀರು ಕೊಡುವುದಕ್ಕೇ ಮೊದಲು ತಕರಾರು ಬಂತಂತೆ. ಮನೆ ಸೇರುವ ಮುಂಚೆಯೇ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಪೆಟ್ರೋಲು ಸುರಿದು ಬೆಂಕಿ ಹಚ್ಚಲು ನೋಡಿದರು. ಮುಂದಿನ ಜೂನ್‌ನಲ್ಲಿ ಡೈನಮೈಟ್ ಎಸೆದರು, ಆಗ ಮಕ್ಕಳು ಒಳಗಿದ್ದರು. ಯಾರಿಗೂ ಏನೂ ಆಗಲಿಲ್ಲ. ಅಪ್ಪ, ಮಗ ರಾತ್ರಿ ಬಂದೂಕು ಹಿಡಿದು ಅಂಗಳದಲ್ಲಿ ಕಾವಲು ಕಾಯುತ್ತಿದ್ದರಂತೆ. ಊರು ಬಿಟ್ಟು ಹೋಗಲಿಲ್ಲ. ಬೆಂಬಲಕ್ಕೆ ನಿಂತ ಅಕ್ಕಪಕ್ಕದವರೂ ಇದ್ದರು ಅನ್ನೋದನ್ನೂ ಹೇಳಬೇಕು.

ಈ ಊರು ಅಲ್ಲಿಂದ ಮುಂದೆ ಮಾಡಿದ ಕೆಲಸಕ್ಕೆ ಮೆಚ್ಚಲೇಬೇಕು. ಪೂರ್ವದ ಗಡಿ ಆಸ್ಟಿನ್ ಬುಲವಾರ್ಡ್, ಅದರಾಚೆ ಶಿಕಾಗೋದ ಆಸ್ಟಿನ್ ಬಡಾವಣೆ. 1960, 70ರ ದಶಕದಲ್ಲಿ ಅಲ್ಲಿ ಮನೆ ದಲ್ಲಾಳಿಗಳು 'ಕಪ್ಪು ಜನ ಬರ್ತಿದ್ದಾರೆ, ಬೆಲೆ ಬೀಳುತ್ತೆ, ಬೇಗ ಮಾರಿ' ಅಂತ ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಕೊಂಡು, ಕಪ್ಪು ಜನರಿಗೆ ದುಬಾರಿ ಬೆಲೆಗೆ ಮಾರಿದರು. ಬೀದಿಗೆ ಬೀದಿಯೇ ಕೆಲವೇ ವರ್ಷದಲ್ಲಿ ಬದಲಾಯಿತು. ಮುಂದಿನ ಸರದಿ ತಮ್ಮದು ಅಂತ ಓಕ್ ಪಾರ್ಕಿಗೆ ಗೊತ್ತಿತ್ತು. ಓಡುವ ಬದಲು ರೂಲ್ ಮಾಡಿದರು. 1968ರಲ್ಲಿ ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡುವ ಹಾಗಿಲ್ಲ ಅಂತ ಕಾನೂನು. 1972ರಲ್ಲಿ ರಾಬರ್ಟಾ ರೇಮಂಡ್ ಮುಂದಾಳತ್ವದಲ್ಲಿ ಹೌಸಿಂಗ್ ಸೆಂಟರ್ ಶುರುವಾಯಿತು. ಬಾಡಿಗೆ ಮನೆ ಕೇಳಿ ಬಂದ ಬಿಳಿಯರಿಗೆ ಪೂರ್ವದ ಬೀದಿಗಳನ್ನೂ, ಕಪ್ಪು ಜನರಿಗೆ ಊರಿನ ಉಳಿದ ಬೀದಿಗಳನ್ನೂ ತೋರಿಸುವುದು ಅದರ ಕೆಲಸ, ಒಂದೇ ಕಡೆ ಒಂದೇ ಬಣ್ಣದವರು ಸೇರಬಾರದು ಅಂತ. ಮನೆ ಮುಂದೆ 'ಮಾರಾಟಕ್ಕಿದೆ' ಬೋರ್ಡಿಗೂ ನಿಷೇಧ, ಸಾಲಾಗಿ ಬೋರ್ಡು ಕಂಡರೆ ಜನ ಹೆದರುತ್ತಾರಲ್ಲ. 1977ರಲ್ಲಿ ಸುಪ್ರೀಂ ಕೋರ್ಟು ಬೇರೊಂದು ಊರಿನ ಕೇಸಿನಲ್ಲಿ ಇಂಥ ನಿಷೇಧ ನಡೆಯಲ್ಲ ಅಂದಿತು. ಓಕ್ ಪಾರ್ಕಿನವರು ಆಮೇಲೂ ವರ್ಷಗಟ್ಟಲೆ ತಾವಾಗಿಯೇ ಬೋರ್ಡು ಹಾಕಲಿಲ್ಲ. 1978ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆ ಬೆಲೆ ಬಿದ್ದರೆ ನಷ್ಟ ತುಂಬಿಕೊಡುವ ಯೋಜನೆ ತಂದರು. ಈಗ ಊರಿನ ಸುಮಾರು ಐದರಲ್ಲಿ ಒಂದು ಪಾಲು ಕಪ್ಪು ಜನ. ಸುತ್ತಲಿನ ಎಷ್ಟೋ ಊರುಗಳು ಪೂರ್ತಿ ಈ ಕಡೆ ಅಥವಾ ಪೂರ್ತಿ ಆ ಕಡೆ ಆಗಿಹೋದವು, ಇದು ಆಗಲಿಲ್ಲ. ಮೊದಲು ಬೇಡದವರನ್ನು ಹೊರಗಿಡಲು ಕಲಿತ ಚಾಳಿ, ಒಳಗೆ ಕರೆಯುವುದಕ್ಕೂ ಉಪಯೋಗಕ್ಕೆ ಬಂತು.

ಮಧ್ಯಾಹ್ನ ಮ್ಯಾಡಿಸನ್ ಸ್ಟ್ರೀಟಿನ ವಿಲೇಜ್ ಹಾಲ್ ನೋಡಿಕೊಂಡು ಆಸ್ಟಿನ್ ಬುಲವಾರ್ಡ್‌ವರೆಗೆ ನಡೆದೆವು. ಹ್ಯಾರಿ ವೀಸ್ ವಿನ್ಯಾಸದ ಈ ಕಟ್ಟಡವನ್ನು 1975ರಲ್ಲಿ ಬೇಕಂತಲೇ ಪೂರ್ವದ ಗಡಿ ಹತ್ತಿರ ಕಟ್ಟಿದರು, ನಾವೇನೂ ಓಡಿಹೋಗಲ್ಲ ಅಂತ ತೋರಿಸಲಿಕ್ಕೆ. ಸರಿ. ಆದರೆ ಗಡಿಯ ಹತ್ತಿರ ಹಲವು ಬೀದಿಗಳ ಬಾಯಿಗೆ ಕಟ್ಟೆ ಕಟ್ಟಿ ಗಿಡ ನೆಟ್ಟಿದ್ದಾರೆ. ಆಸ್ಟಿನ್ ಕಡೆಯಿಂದ ಕಾರು ನೇರ ಒಳಗೆ ಬರಲು ಆಗಲ್ಲ. ವಾಹನ ದಟ್ಟಣೆ ತಡೆಯಲಿಕ್ಕೆ ಅನ್ನುತ್ತಾರೆ. ಆಚೆ ಬದಿಯಲ್ಲಿ ನಿಂತು ನೋಡಿದರೆ ಹಾಗೆ ಕಾಣಲ್ಲ. ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಹಿಂದೆ ಆಸ್ಟಿನ್ ಕೂಡ ಓಕ್ ಪಾರ್ಕ್ ಇದ್ದ ಸಿಸೆರೋ ಟೌನ್‌ಶಿಪ್ಪಿಗೇ ಸೇರಿತ್ತು. 1899ರಲ್ಲಿ ಆಸ್ಟಿನ್‌ನವರು ಬೇಡ ಅಂದರೂ ಉಳಿದವರೆಲ್ಲ ಮತ ಹಾಕಿ ಅದನ್ನು ಶಿಕಾಗೋಗೆ ಸೇರಿಸಿಬಿಟ್ಟರು. ರಸ್ತೆ ದಾಟಿ ಒಂದು ಸುತ್ತು ಹಾಕಿದೆ. ಅದೇ ಕಾಲದ ಮನೆಗಳು, ಅದೇ ಜಗಲಿ, ಅದೇ ಅಗಲದ ಹುಲ್ಲು. ಕೆಲವು ಚೆನ್ನಾಗಿವೆ, ಕೆಲವಕ್ಕೆ ಹಲಗೆ ಹೊಡೆದಿದೆ, ನಡುವೆ ಅಲ್ಲಲ್ಲಿ ಖಾಲಿ ಸೈಟು. ಜಗಲಿಯಲ್ಲಿ ಜನ ಮಾತ್ರ ಕೂತಿದ್ದರು. ಒಬ್ಬ ಅಜ್ಜಿ ಕೈ ಎತ್ತಿ "ಹಲೋ" ಅಂದರು.

ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಎತ್ತಿದೆ. ಟ್ಯಾಕ್ಸ್ ಜಾಸ್ತಿ ಅಂತ ಇಷ್ಟೊಂದು ಗೊಣಗ್ತೀರಲ್ಲ ಭಾವ, ಆ ಕಡೆ ಯಾಕೆ ಮನೆ ನೋಡಲಿಲ್ಲ ಅಂದೆ. ಭಾವ ಸ್ಕೂಲು, ರೈಲು, ಅದೂ ಇದೂ ಅಂತ ಶುರು ಮಾಡುವಷ್ಟರಲ್ಲಿ ಮಗಳು ಬಾಯಿ ಹಾಕಿದಳು. "ಸಾಕರ್ ಟೀಮಿನ ನನ್ನ ಫ್ರೆಂಡ್ ಮನೆ ಅಲ್ಲೇ ಇದೆ. ಅವಳು ಇಲ್ಲಿಗೆ ನಾಲ್ಕು ಸಲ ಬಂದಿದ್ದಾಳೆ. ನೀವು ನನ್ನನ್ನ ಒಂದ್ಸಲನೂ ಅಲ್ಲಿಗೆ ಬಿಟ್ಟಿಲ್ಲ."

ಅಕ್ಕ ಸಾರಿನ ಸೌಟು ಹಿಡಿದುಕೊಂಡೇ ಭಾವನ ಮುಖ ನೋಡಿದಳು. ಭಾನುವಾರ ಹೋಗೋಣ ಅಂದರು ಭಾವ. ನನ್ನ ವಿಮಾನ ಶನಿವಾರ ರಾತ್ರಿಗೆ. ಹೋದರಾ ಇಲ್ಲವಾ ಅಂತ ಫೋನ್ ಮಾಡಿಯೇ ಕೇಳಬೇಕು, ಅದೂ ಅಕ್ಕನಿಗಲ್ಲ, ಅವಳ ಮಗಳಿಗೆ.